ಮೂರು ಮೊಟ್ಟೆ ಕಡಿಮೆ

ರೇಡಿಯೋ ದಸ್ತಗೀರರದು. ಮನೆ ನಮ್ಮದು.
ಇಟಲಿ ಭಾಷೆ ಮಾತ್ರ ರೆಜೀನತ್ತೆಯದು.
ಲಷ್ಕರ್ ಮೊಹಲ್ಲಾದ ನಮ್ಮ ವಠಾರದಲ್ಲಿ
ಬೇರೆ ಯಾರ ಪೆಟ್ಟಿಗೆಯಲ್ಲೂ ಇರಲಿಲ್ಲ ಅಂಥ ಒಡವೆ.

ಹನ್ನೊಂದು ವರ್ಷ ಕಾನ್ವೆಂಟಿನ ಅಡುಗೆಮನೆಯಲ್ಲಿ
ಇಟಲಿಯ ಸಿಸ್ಟರುಗಳ ಕೈಕೆಳಗೆ ದುಡಿದವಳು.
ಉಪ್ಪಿಗೆ ಸಾಲೆ, ಬ್ರೆಡ್ಡಿಗೆ ಪಾನೆ,
ಬಾಗಿಲಿಗೆ ಪೋರ್ತ, ನಾಳೆಗೆ ದೊಮಾನಿ,
ಮೊಟ್ಟೆ ಎಣಿಸುವಾಗ ಉನೊ, ದೂಎ, ತ್ರೆ.
ಲೆಕ್ಕ ತಪ್ಪಿದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರಂತೆ,
ಹಾಗಾಗಿ ನೂರರ ತನಕ ಎಡವದೆ ಬರುತ್ತಿತ್ತು.

ಶನಿವಾರ ರಾತ್ರಿ ಒಂದೂವರೆಗೆ
ದೇಶದೇಶದ ಹಾಡುಗಳ ಪಂದ್ಯ ಬರುತ್ತದೆಂದು
ದಸ್ತಗೀರರು ಮೂರು ದಿನದಿಂದ ಹೇಳುತ್ತಲೇ ಇದ್ದರು.
ನಮ್ಮ ಹೆಂಚಿನಿಂದ ಹಿತ್ತಲ ಸೀಬೆಮರದವರೆಗೆ
ತಾಮ್ರದ ತಂತಿ ಎಳೆದು, ಏಣಿಯ ಮೇಲಿಂದಲೇ,
"ಇಟಲಿಯೋರು ಪ್ರೇಮದ ಹಾಡು ಕಳಿಸವ್ರಂತೆ.
ಅರ್ಥ ನೀವೇ ಹೇಳ್ಬೇಕು" ಅಂದರು,
ಅತ್ತೆಗಲ್ಲ, ತಂತಿಗೆ ಹೇಳುವವರ ಹಾಗೆ.

ಗೋಪಾಲರಾಜೇ ಅರಸಿನವರು ಮಫ್ಲರ್ ಸುತ್ತಿ ಬಂದರು,
ದಸರಾ ಕುಸ್ತಿಗೆ ಹೊರಟವರ ಠೀವಿಯಲ್ಲಿ.
"ಯಾವ ಹೊತ್ತಿಗೆ ಚಿತ್ ಆಗತ್ತೆ?" ಅಂತ ಮೊದಲ ಪ್ರಶ್ನೆ.
ಸಾಕಮ್ಮ ಮೊರದ ತುಂಬ ಕಡಲೆಪುರಿ ತಂದಳು.
ನನಗೆ ಒಂಬತ್ತು ವರ್ಷ.
ನಿದ್ದೆಗೆಡಲು ಅಪ್ಪಣೆ ಸಿಕ್ಕ ಮೊದಲ ರಾತ್ರಿ.

ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು.
ಅದರೊಳಗೆ ಒಬ್ಬಳು ಹಾಡುತ್ತಿದ್ದಳು,
ಹತ್ತಿರ ಬರುತ್ತ, ಮತ್ತೆ ಸಮುದ್ರದಾಚೆಗೆ ಸರಿಯುತ್ತ.
"ಏನಂತೆ? ಏನಂತಾಳೆ?"
ಅತ್ತೆ ಕಣ್ಣು ಮುಚ್ಚಿದಳು.
"ಬಾಗಿಲು" ಅಂದಳು.
ನಾವು ಕಾದೆವು.
"ನಾಳೆ."
ಇನ್ನಷ್ಟು ಕಾದೆವು.
"ತಣ್ಣಗೆ... ಉಪ್ಪು... ಬಾಗಿಲು ಅಂದ್ಲು ಇನ್ನೊಂದ್ಸಲ."

"ಪ್ರೇಮದ ಹಾಡೋ, ದಿನಸಿ ಚೀಟಿಯೋ?"
ಅರಸಿನವರ ಮಾತಿಗೆ ವಠಾರವೇ ನಕ್ಕಿತು.
ದಸ್ತಗೀರರು ನಗಲಿಲ್ಲ.
ಹಾಲುಕ್ಕದಂತೆ ಉರಿ ತಗ್ಗಿಸುವವರ ಹಾಗೆ
ಎರಡು ಬೆರಳಲ್ಲಿ ತಿರುಪು ಹಿಡಿದು ಕೂತಿದ್ದರು.
"ಮಧ್ಯದ್ದು?" ಅಂದರು ಮೆಲ್ಲಗೆ.
"ಮಧ್ಯದ್ದು ನಂಗೆ ಯಾರೂ ಕಲಿಸ್ಲಿಲ್ಲ."

ಆಮೇಲೆ ಅಂಕಗಳು ಬಂದವು.
ಇಟಲಿಯದೇ ಸ್ಟೇಷನ್ನು, ಇಟಲಿಯಲ್ಲೇ ಎಣಿಕೆ.
ಅತ್ತೆಯ ಬೆನ್ನು ನೆಟ್ಟಗಾಯಿತು.
"ಏಳು! ನಮ್ಗೆ ಏಳು! ಈಗ ಐದು!"
ನಮ್ಗೆ ಅಂದಿದ್ದನ್ನು ಯಾರೂ ತಿದ್ದಲಿಲ್ಲ.
ನಾನು ನೆಲದ ಮೇಲೆ ಸೀಮೆಸುಣ್ಣದ ಗೀಟು ಎಳೆದೆ,
ಅರಸಿನವರು ತೊಡೆ ತಟ್ಟಿದರು.
ಯಾವುದೋ ದೇಶ ಸೊನ್ನೆ ಕೊಟ್ಟಾಗ ಸಾಕಮ್ಮ,
"ಅವ್ರ ಒಲೆ ಹತ್ತದೆ ಹೋಗ" ಅಂತ
ಇಡೀ ದೇಶದ ಮೇಲೆ ಮೊರ ಕೊಡವಿದಳು.

ಕೊನೆಗೆ ಗೀಟುಗಳನ್ನೆಲ್ಲ ಎರಡೆರಡು ಸಲ ಕೂಡಿಸಿ
ಅತ್ತೆ ತೀರ್ಪು ಕೊಟ್ಟಳು:
"ಮೂರು ಮೊಟ್ಟೆ ಕಡಿಮೆ."
ಗೆದ್ದ ದೇಶದ ಹೆಸರು ಸಾಸಿವೆಯಲ್ಲಿ ಸಿಡಿದು ಹೋಯಿತು.
ಯಾರಿಗೂ ಬೇಕಾಗಿರಲಿಲ್ಲ.
ಅರಸಿನವರು ಮಫ್ಲರ್ ಬಿಗಿದು, "ಮೋಸ" ಅಂದು ಎದ್ದರು.

ಇಗರ್ಜಿಯ ಮೊದಲ ಗಂಟೆಗೆ ಇನ್ನೂ ಹೊತ್ತಿತ್ತು.
ದಸ್ತಗೀರರು ರೇಡಿಯೋಗೆ ಟವೆಲು ಸುತ್ತಿ
ಹಸುಗೂಸಿನ ಹಾಗೆ ತೋಳಿಗೆ ತಗೊಂಡು
ಹೊಸ್ತಿಲ ಹತ್ತಿರ ನಿಂತರು.
ಅವರ ಎರಡೂ ಕೈ ತುಂಬಿತ್ತು.
ಅತ್ತೆಯೇ ಚಿಲಕ ತೆಗೆದಳು.
"ಪೋರ್ತ" ಅಂದಳು.
ಸ್ವಲ್ಪ ತಡೆದು, "ದೊಮಾನಿ."
ಅರ್ಥ ಕೇಳುತ್ತಾರೇನೋ ಅಂದುಕೊಂಡೆ. ಕೇಳಲಿಲ್ಲ.
ಬೀದಿದೀಪದವರೆಗೆ ಹೋಗಿ ಒಮ್ಮೆ ನಿಂತಿದ್ದು ಕಂಡೆ,
ಟವೆಲು ಸರಿಮಾಡಿಕೊಳ್ಳಲಿಕ್ಕೂ ಇರಬಹುದು.

ಬೆಳಿಗ್ಗೆ ಪೂಜೆಗೆ ತಲೆ ಬಾಚುತ್ತ ಅತ್ತೆ
ಆ ಹಾಡು ಗುನುಗುತ್ತಿದ್ದಳು.
ಗೊತ್ತಿದ್ದ ಕಡೆ ಉಪ್ಪು, ಬಾಗಿಲು;
ಗೊತ್ತಿಲ್ಲದ ಕಡೆ ಬರೀ ಮೂಗು.
ಈಗ ಯೋಚಿಸಿದರೆ ಅನ್ನಿಸುತ್ತದೆ,
ಮೂಗಿನದೇ ಜಾಸ್ತಿ ಇತ್ತು.

ತಾಮ್ರದ ತಂತಿಯನ್ನು ಅವರು ಬಿಚ್ಚಿಕೊಂಡು ಹೋಗಿರಲಿಲ್ಲ.
ಸೀಬೆಮರ ಕಡಿಯುವ ತನಕ, ಅಂದರೆ ಆರು ವರ್ಷ,
ಅದರ ಮೇಲೆ ಒಂದು ಕರ್ಚೀಫು ಒಣಹಾಕಲಿಕ್ಕೂ
ಅತ್ತೆ ಯಾರನ್ನೂ ಬಿಡಲಿಲ್ಲ.